ನಕ್ಷೆಯಲ್ಲಿ ಇಲ್ಲದ ಸುರಂಗ

ಕಾಡಿನಿಂದ ಮರ ಸಾಗಿಸುವ ರಸ್ತೆಗಳಿಗೆ ಗೆರೆ ಎಳೆಯುವುದು ನನ್ನ ಕಸುಬು. ಲಾರಿಗೆ ಬೇಕಾದಲ್ಲೆಲ್ಲ ಗುಡ್ಡ ಅಗೆಯುತ್ತ ಹೋದರೆ ಕಾಡು ಉಳಿಯುವುದಿಲ್ಲ. ರಸ್ತೆ ಕಡಿಮೆ ಇರಬೇಕು, ಏರು ಹದವಾಗಿರಬೇಕು, ಉಳಿಯಬೇಕಾದ ಮರಕ್ಕೆ ಗರಗಸ ತಾಗಬಾರದು. ಜಾಲ್ಸೂರಿನ ಆಚೆಯ ಅಕೇಶಿಯಾ ಗುಡ್ಡಕ್ಕೆ ನಾನು ಮಾಡಿದ ಯೋಜನೆಯಲ್ಲಿ ಇದೆಲ್ಲ ಇತ್ತು. ಇಡೀ ಗುಡ್ಡಕ್ಕೆ ಒಂದೇ ರಸ್ತೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಗೂಟ ಹೊಡೆಯುತ್ತ ಇಳಿದು ಬಂದಾಗ ಗುಡ್ಡದ ಬುಡದ ಮನೆಯ ಅಜ್ಜ ಕರೆದು ಕೂರಿಸಿದರು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು. ಆ ಸುಡುಬಿಸಿಲಲ್ಲೂ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಸುರಂಗದ್ದು ಎಂದರು. ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಹೊರಗೆ ಹರಿಸುವ ಬಾವಿ ಅದು. ಪ್ರಾಯದಲ್ಲಿ ಅವರೇ ಮೊಣಕಾಲೂರಿ ಎರಡು ಬೇಸಗೆ ಕೊರೆದದ್ದಂತೆ. ಆಸುಪಾಸಿನ ಐದು ಮನೆಗಳಿಗೆ ಅದೊಂದೇ ನೀರು.

ಆಮೇಲೆ ಅವರು ನನ್ನ ಗೂಟಗಳ ಕಡೆ ಕೈ ತೋರಿಸಿದರು.

"ಸುರಂಗದ ತಲೆ, ನೀರು ಒಸರುವ ಜಾಗ, ನಿಮ್ಮ ಗೂಟದ ಅಡಿಯಲ್ಲೇ ಉಂಟು. ಸ್ವಲ್ಪ ಮೇಲಿಂದ ಹೋಗಿ ಮಾರಾಯ್ರೆ."

ನಾನು ನಕ್ಷೆ ಬಿಡಿಸಿದೆ. ಹಳ್ಳ, ಬಾವಿ, ಬಂಡೆ ಎಲ್ಲಕ್ಕೂ ಗುರುತಿತ್ತು, ಸುರಂಗಕ್ಕೆ ಇರಲಿಲ್ಲ. ಮೇಲಿಂದ ಹೋದರೆ ಹನ್ನೊಂದು ಹಳೆಯ ಮರ ಕಡಿಯಬೇಕಾಗುತ್ತದೆ, ಅದರಲ್ಲೊಂದು ಹೆಬ್ಬಲಸು ಬೇರೆ ಎಂದು ಪಾಠ ಹೇಳಿದೆ. ಗುಡ್ಡ ಕೊರೆದವರಿಗೆ ಗುಡ್ಡದ ಪಾಠ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವರು ವಾದಕ್ಕೆ ಬರಲಿಲ್ಲ. ಜಗಳವಾಡಿದ್ದರೆ ಸಿಟ್ಟಿಗಾದರೂ ಒಂದು ಸಲ ಒಳಗೆ ಹೊಕ್ಕು ಅಳತೆ ತೆಗೆಯುತ್ತಿದ್ದೆನೋ ಏನೋ.

ರಸ್ತೆ ಆಯಿತು. ಮರ ಇಳಿಯತೊಡಗಿತು. ಮೂರನೆಯ ವಾರ, ತುಂಬಿದ ಲಾರಿಯೊಂದರ ಹಿಂದಿನ ಚಕ್ರ ಅಜ್ಜ ಕೈ ತೋರಿಸಿದ್ದಲ್ಲೇ ಮೊಣಕಾಲುದ್ದ ಕುಸಿಯಿತು. ಲಾರಿಯನ್ನು ಎಳೆದೆತ್ತಿ, ಗುಂಡಿಗೆ ಜಲ್ಲಿ ತುಂಬಿಸಿ, ಎಲ್ಲ ಸರಿಯಾಯಿತು ಎಂದು ಲಾರಿಯವರು ನನಗೆ ಫೋನು ಮಾಡಿದರು. ಕೆಳಗೆ ಸುರಂಗದ ಬಾಯಿಂದ ಎರಡು ದಿನ ಕೆಂಪು ನೀರು ಬಂತಂತೆ. ಮೂರನೆಯ ದಿನ ಅದೂ ನಿಂತಿತು.

ಸುದ್ದಿ ತಿಳಿದು ನಾನು ಹೋದಾಗ ಅಜ್ಜ ಮೈಯೆಲ್ಲ ಮಣ್ಣಾಗಿ ಸುರಂಗದಿಂದ ತೆವಳಿಕೊಂಡು ಹೊರಗೆ ಬರುತ್ತಿದ್ದರು. ಆ ಇಳಿವಯಸ್ಸಿನಲ್ಲಿ ಪುನಃ ಕೊರೆಯಲು ಹೊರಟಿದ್ದರು. ಒಳಗೆ ಮೇಲ್ಭಾಗ ಪೂರ್ತಿ ಬಿದ್ದಿದೆ, ಇನ್ನು ಮುಟ್ಟಿದರೆ ರಸ್ತೆಯೇ ತಲೆ ಮೇಲೆ ಬೀಳುತ್ತದೆ ಎಂದರು. ತಪ್ಪು ನನ್ನದು ಎಂದೆ. ನಾನು ಉಳಿಸಿದ ಹನ್ನೊಂದು ಮರ ಮೇಲೆ ಹಾಗೆಯೇ ನಿಂತಿದ್ದವು. ಅವನ್ನು ನೋಡಲೂ ಸಂಕಟವಾಯಿತು.

ಅಜ್ಜ ಕೈಯ ಮಣ್ಣನ್ನು ಬೈರಾಸಿಗೆ ಒರೆಸಿಕೊಂಡು ಮನೆಯೊಳಗೆ ಹೋದರು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ನನ್ನ ಮುಂದಿಟ್ಟರು. ಅಭ್ಯಾಸಬಲದಿಂದ ನನ್ನ ಕೈ ಪಕ್ಕದಲ್ಲಿ ಚೆಂಬು ಹುಡುಕಿತು.

"ಬೆಲ್ಲ ಮಾತ್ರ ಉಂಟು" ಎಂದರು.