ಅರಾದ್‌ನಿಂದ ಸೀಫ್‌ಗೆ ಸಾವಿರ ವರ್ಷ

ನಾಳೆ ಕಾರಿನ ಪಾಸಿಂಗ್. ವರ್ಷಕ್ಕೊಮ್ಮೆ ಗಾಡಿಯನ್ನು ಸರಕಾರಕ್ಕೆ ತೋರಿಸಬೇಕು. ಅದಕ್ಕೇ ಇವತ್ತು ತೊಳೆಯಲು ಹೊರಟು ಮ್ಯಾಟ್ ಎತ್ತಿದರೆ ಒಂದು ಕಾರ್ಡು ಸಿಕ್ಕಿತು. ಪೆನ್ಸಿಲಿನಲ್ಲಿ ಬರೆದ ಎಂಟು ಸಾಲು. ಸ್ಪಾನಿಷ್ ಸಾಹಿತ್ಯದ ಪೂರಾ ಚರಿತ್ರೆ. ನೀವು ನಗುವುದು ಗೊತ್ತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಎ.ಸಿ. ರಿಪೇರಿ ಮಾಡುವವನ ಕಾರಿನಲ್ಲಿ ಅದಕ್ಕೇನು ಕೆಲಸ?

ಕಾರ್ಡು ಹಿಲ್ಡಾ ಬಾಯಮ್ಮನದು. ನಮ್ಮ ಊರ ಕಡೆಯ ಶಿರ್ವದವರು, ಇಲ್ಲಿ ಬಹ್ರೇನಿನ ಸೀಫ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅರಾದ್‌ನಲ್ಲಿ ನಾವಿಬ್ಬರೂ ಒಂದೇ ಬಿಲ್ಡಿಂಗ್. ನನ್ನ ಕೆಲಸವೂ ಸೀಫ್‌ನ ಮಾಲಿನಲ್ಲಿ. ಮೂರು ವರ್ಷ ನನ್ನ ಪಕ್ಕದ ಸೀಟು ಅವರದೇ. ಐವತ್ತೆರಡರ ಪ್ರಾಯದಲ್ಲಿ ಅವರು ಸೀಫ್‌ನಲ್ಲೇ ನಡೆಯುವ ಸಂಜೆಯ ಸ್ಪಾನಿಷ್ ಕ್ಲಾಸಿಗೆ ಸೇರಿದರು.

"ಈ ಪ್ರಾಯದಲ್ಲಿ ಇದೆಲ್ಲ ಎಂತಕ್ಕೆ ಬಾಯಮ್ಮ?" ಎಂದು ಕೇಳಿದೆ.

"ನರ್ಸಿಂಗ್ ಪಪ್ಪ ಹೇಳಿದ್ದು. ಬಹ್ರೇನ್ ಗಂಡ ಹೇಳಿದ್ದು. ಇದೊಂದು ನಾನು ಹೇಳಿದ್ದು. ನೀನು ಗೇರ್ ಹಾಕು."

ಕೊನೆಯ ಪರೀಕ್ಷೆ ಬಾಯಿಮಾತಿನದು. ಆ ದೇಶದ ಸಾಹಿತ್ಯದ ಚರಿತ್ರೆಯನ್ನು ಟೀಚರಮ್ಮನ ಎದುರು ಕೂತು ಹೇಳಬೇಕು. ಒಮ್ಮೆ ಹೋಗಿ, ನಾಲಿಗೆ ಒಣಗಿ, ಫೇಲಾಗಿ ಬಂದಿದ್ದರು. ಇನ್ನು ಉಳಿದದ್ದು ಒಂದೇ ಚಾನ್ಸ್. ಹಾಗಾಗಿ ದಿನಾ ಕಾರಿನಲ್ಲಿ ಓದು. ಪುಸ್ತಕದ ಒಂದೊಂದು ವಾಕ್ಯವೂ ರೈಲಿನಷ್ಟು ಉದ್ದ. ನನಗೆ ತಲೆ ಕೆಟ್ಟಿತು.

"ಸಿಂಗಾರ ಬೇಡ. ಆದದ್ದೆಂತ, ಅದನ್ನು ಹೇಳಿ."

ನನಗೆ ವಿಳಾಸ ನೆನಪಿರುವುದಿಲ್ಲ, ಅಂಗಡಿ ನೆನಪಿರುತ್ತದೆ. ಅದನ್ನೇ ಅವರಿಗೂ ಕಲಿಸಿದೆ. ಒಂದೊಂದು ಕಾಲವನ್ನು ದಾರಿಯ ಒಂದೊಂದು ಜಾಗಕ್ಕೆ ಕಟ್ಟಿದೆವು. ಶುರು ನಮ್ಮ ಖುಬ್ಸ್ ರೊಟ್ಟಿಯ ಅಂಗಡಿಯಿಂದ, ಕೊನೆ ಸೀಫ್‌ನ ಪಾರ್ಕಿಂಗಿನಲ್ಲಿ. ತಿಂಗಳೊಳಗೆ ಅವರು ತಡೆಯಿಲ್ಲದೆ ಹೇಳತೊಡಗಿದರು. ನಾನು ಬರೀ ಕೇಳುತ್ತಿದ್ದೆ, ಅಥವಾ ಕೇಳುತ್ತಿಲ್ಲ ಎಂದುಕೊಂಡಿದ್ದೆ.

ಪರೀಕ್ಷೆಯ ದಿನ ನಾವು ದಿನಾ ದಾಟುವ ಸಮುದ್ರದ ಸೇತುವೆಯಲ್ಲಿ ಆಕ್ಸಿಡೆಂಟ್. ಫೋನಿನ ಮ್ಯಾಪ್ ಪೂರಾ ಕೆಂಪು. ಕಾಯುವ ಜಾಯಮಾನ ನನ್ನದಲ್ಲ. ಮನೆಯ ಬಾಗಿಲಿನಿಂದಲೇ ಬೇರೆ ದಾರಿ ಹಿಡಿದು ಇನ್ನೊಂದು ಸೇತುವೆಗೆ ಹತ್ತಿಸಿದೆ.

"ಶುರು ಮಾಡಿ ಬಾಯಮ್ಮ."

ಅವರು ಈ ಕಾರ್ಡನ್ನು ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ಅತ್ತಿತ್ತ ಹುಡುಕಿದರು.

"ಇದು ಯಾವ ದಾರಿ ಮಾರಾಯ? ಇಲ್ಲಿ ನನ್ನದು ಎಂತದೂ ಇಲ್ಲ."

ಸೇತುವೆಯ ಮೇಲೆ ತಿರುಗಿಸುವ ಹಾಗಿಲ್ಲ. ತಪ್ಪು ನನ್ನದು. ಬೇರೆ ಉಪಾಯ ತೋಚದೆ ನಾನೇ ಶುರು ಮಾಡಿದೆ.

"ಮೊದಲು ಅರಬಿ. ಪದ್ಯವೆಲ್ಲ ಅರಬಿ, ಬಾಲದಲ್ಲಿ ಮಾತ್ರ ಅಲ್ಲಿಯ ಬೀದಿ ಭಾಷೆ. ಗೆಣೆಯ ಇಲ್ಲ ಅಂತ ಹುಡುಗಿ ಅಳುವುದು. ಇಲ್ಲಿ ನಾವು ಅರಬಿಯ ಹಿಂದೆ ತುಳು ಸೇರಿಸಿದ ಹಾಗೆ. ಅದು ಖುಬ್ಸ್ ಅಂಗಡಿ. ಮತ್ತೆ ಸಂತೆಯಲ್ಲಿ ಯುದ್ಧದ ಹಾಡು ಹೇಳುವವರು. ಏರ್‌ಪೋರ್ಟಿನ ಬೇಲಿ. ಮತ್ತೆ ಹಡಗಲ್ಲಿ ಚಿನ್ನ ಬಂತು, ಅಂಗಳದಲ್ಲಿ ನಾಟಕ..."

"ರಾಜನನ್ನು ಬಿಟ್ಟೆ!"

"ಎಂತ ರಾಜ?"

"ಅರಬಿ ಪುಸ್ತಕಗಳನ್ನು ಜನರ ಭಾಷೆಗೆ ಮಾಡಿಸಿದವ. ಪೆಟ್ರೋಲ್ ಪಂಪ್! ಅವನನ್ನು ನುಂಗಿ ಸೀದಾ ನಾಟಕಕ್ಕೆ ಹೋಗ್ಲಿಕ್ಕುಂಟಾ? ಮತ್ತೆ ಆಳಿನ ಕಥೆ ಎಲ್ಲಿ?"

ಆಳಿನ ಕಥೆಯನ್ನು ನಾನು ಬಿಡುವವನಲ್ಲ. ಹೊಟ್ಟೆಗಿಲ್ಲದ ಆಳೊಬ್ಬ ತನ್ನ ಧಣಿಗಳ ಬಣ್ಣವನ್ನು ತಾನೇ ಬಯಲು ಮಾಡುವ ಕಥೆ. ಅಲ್ಲಿಯವರು ಅದನ್ನೂ ಸಾಹಿತ್ಯ ಎಂದರಂತೆ. ನನಗೆ ಆ ದೇಶದ ಮೇಲೆ ಮರ್ಯಾದೆ ಬಂದದ್ದು ಅಲ್ಲಿ.

ನಾನು ತಪ್ಪಿದಲ್ಲೆಲ್ಲ ಅವರು ಬೈದರು. ಬೈಯುತ್ತ ಬೈಯುತ್ತ ಮಾತು ಅವರ ಕೈಗೇ ಹೋಯಿತು. ಫ್ರೆಂಚರನ್ನು ನೋಡಿ ಬರೆದ ಬೋಳು ಕಾಲ, ಊರಿನ ಮನೆಮನೆಯ ಒಳಗನ್ನು ಹೇಳುವ ದಪ್ಪ ಕಾದಂಬರಿಗಳು, ದೇಶ ಸೋತಾಗ 'ನಾವು ಯಾರು' ಎಂದು ಕೇಳಿಕೊಂಡವರು. ಸೀಫ್ ತಲುಪುವಾಗ ತಮ್ಮತಮ್ಮಲ್ಲೇ ನಡೆದ ಯುದ್ಧ, ಸತ್ತ ಕವಿಗಳು, ದೇಶ ಬಿಟ್ಟ ಕವಿಗಳು. ಕಾರು ನಿಂತರೂ ಅವರು ನಿಲ್ಲಿಸಲಿಲ್ಲ. ಹೇಳುತ್ತಲೇ ಇಳಿದು ಹೋದರು. ಕಾರ್ಡು ಬಿದ್ದದ್ದು ಆಗಲೇ ಇರಬೇಕು.

ಎಂಟನೇ ಕ್ಲಾಸಿನಲ್ಲಿ ಮಾಸ್ಟ್ರು ನನ್ನನ್ನು ಎಬ್ಬಿಸಿ ಪಾಠ ಹೇಳು ಎಂದಿದ್ದರು. ಬರಲಿಲ್ಲ. ಹೊರಗೆ ನಿಲ್ಲಿಸಿದರು. ಮರುದಿನದಿಂದ ನಾನು ಒಳಗೆ ಹೋಗಲೇ ಇಲ್ಲ. ಪಾರ್ಕಿಂಗಿನಲ್ಲಿ ಕಾಯುವಾಗ ಅದು ನೆನಪಾಯಿತು. ಯಾಕೋ ಬೇಸರವಾಗಲಿಲ್ಲ.

ಬಾಯಮ್ಮ ಹೊರಗೆ ಬಂದರು. ಕಾರಿಗೆ ಹತ್ತಿ ಬೆಲ್ಟ್ ಹಾಕಿದರು.

"ಟೀಚರ್ ಕೇಳಿದಳು, ಆ ಅರಬಿ ಪದ್ಯದ್ದು ಇಷ್ಟು ಚಂದ ಹೇಗೆ ನೆನಪುಂಟು ಅಂತ. ಅದು ನಮ್ಮ ರೊಟ್ಟಿ ಅಂಗಡಿ ಅಂದೆ."

"ಪಾಸಾ, ಫೇಲಾ? ಅದನ್ನು ಹೇಳಿ."

"ಪಾಸ್. ನೀನೂ."

ಈಗ ಅವರು ಕೆಲಸ ಬಿಟ್ಟು ಊರಿಗೆ ಮರಳಿ ಶಿರ್ವದಲ್ಲಿದ್ದಾರೆ, ಪಕ್ಕದ ಸೀಟು ಖಾಲಿ. ಖುಬ್ಸ್ ಅಂಗಡಿ ದಾಟುವಾಗ ಕೆಲವೊಮ್ಮೆ ರೇಡಿಯೋ ಬಂದ್ ಮಾಡಿ ನಾನೇ ಶುರು ಮಾಡುತ್ತೇನೆ. ಪೆಟ್ರೋಲ್ ಪಂಪಿನಲ್ಲಿ ರಾಜನನ್ನು ಈಗ ಬಿಡುವುದಿಲ್ಲ.

ಕಾರು ತೊಳೆದಾಯಿತು. ಕಾರ್ಡನ್ನು ಒರೆಸಿ, ಎದುರಿಗೇ ಕಾಣುವ ಹಾಗೆ ಸಿಕ್ಕಿಸಿದ್ದೇನೆ. ನಾಳೆ ಪಾಸಿಂಗಿನ ಅರಬ ಇದೇನು ಎಂದು ಕೇಳಲಿ. ನನಗೆ ಹೇಳಲು ಬರುತ್ತದೆ. ಶುರು ಅವನ ಭಾಷೆಯಿಂದಲೇ.