ಅತ್ತೆ ವಾಸಿ ಮಾಡಿದ ಗಿಡ

ಫೈಕಸ್ ಗಿಡದ ಚಿಗುರು ಚಿವುಟಿದರೆ ಹಾಲು ಬರುತ್ತದೆ. ಅದು ಹೆಬ್ಬೆರಳಿಗೆ ಅಂಟಿತೆಂದರೆ ಸೋಪಿಗೆ ಜಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು. ಇವತ್ತು ಬೆಳಗ್ಗೆ ಅಷ್ಟು ವ್ಯವಧಾನವಿಲ್ಲದೆ ಹಾಗೇ ಕಾಫಿ ಲೋಟ ಎತ್ತಿದೆ. ಲೋಟ ಬೆರಳನ್ನು ಬಿಡಲೊಲ್ಲದು. ಮದ್ರಾಸಿನ ವೆಸ್ಟ್ ಮಾಂಬಲಂನ ಈ ತಾರಸಿಯ ಮೇಲೆ ಒಬ್ಬಳೇ ನಿಂತು ನಕ್ಕೆ. ಇಂಥದ್ದೇ ಹಾಲಿನ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮತ್ತೆಯ ಮುಂದೆ ನಿಂತಿದ್ದೆನಲ್ಲ, ಆ ಮಧ್ಯಾಹ್ನ ನೆನಪಾಯಿತು.

ನಾನು ಬೆಳೆಸುವುದು ವೇರಿಗೇಟೆಡ್ ಎಲೆಗಳ ಬೋನ್ಸಾಯ್ ಮಾತ್ರ. ಒಂದೇ ಎಲೆಯಲ್ಲಿ ಹಸಿರೂ ಬಿಳಿಯೂ ಇರಬೇಕು. ಬರೀ ಹಸಿರು ಗಿಡವನ್ನು ಕುಬ್ಜ ಮಾಡುವುದು ಯಾರಿಗಾದರೂ ಬರುತ್ತದೆ, ಇದು ಹಾಗಲ್ಲ. ಬಿಳಿ ಭಾಗ ತನ್ನ ಊಟ ತಾನು ಬೇಯಿಸಿಕೊಳ್ಳಲಾರದು; ಹಸಿರು ದುಡಿದು ಹಾಕಬೇಕು. ಹಾಗಾಗಿ ಗಿಡ ಆಗಾಗ ತಾಳ್ಮೆಗೆಟ್ಟು ಅಚ್ಚ ಹಸಿರಿನ ಒಂದು ಕೊಂಬೆ ಹೊರಡಿಸುತ್ತದೆ. ಆ ಕೊಂಬೆ ಎಲ್ಲಕ್ಕಿಂತ ದಷ್ಟಪುಷ್ಟ. ಬಿಟ್ಟರೆ ಇಡೀ ಗಿಡವನ್ನು ನುಂಗಿ ಹಸಿರು ಮಾಡುತ್ತದೆ, ಅದಕ್ಕೇ ಬುಡದಲ್ಲೇ ಕತ್ತರಿಸಬೇಕು. ನನಗೆ ಕಲಿಸಿದವರು ಲೇಡೀಸ್ ಕ್ಲಬ್ಬಿನ ಒಬ್ಬ ಕರ್ನಲ್ ಪತ್ನಿ. "ಬಿ ರೂತ್‌ಲೆಸ್, ಮೈ ಡಿಯರ್," ಎನ್ನುತ್ತಿದ್ದರು, ಟೀ ಜೊತೆಗಿನ ಸ್ಕೋನ್ ಮುರಿಯುತ್ತಾ; ಕನಿಕರ ತೋರಬೇಡ ಅಂತ. ಆ ಉಚ್ಚಾರಣೆ ನನ್ನ ಕಾನ್ವೆಂಟ್ ಕಿವಿಗೆ ಎಷ್ಟು ಹಿಡಿಸಿತ್ತೆಂದರೆ, ಅದಕ್ಕಾಗಿಯೇ ಬೋನ್ಸಾಯ್ ಕಲಿತೆನೋ ಏನೋ.

ಆಗ ಮದುವೆಯಾಗಿ ನಾಲ್ಕು ವರ್ಷ. ಯಜಮಾನರಿಗೆ ಪೆರಂಬೂರಿನಲ್ಲಿ ರೈಲ್ವೆ ಕೆಲಸ. ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮನೆಯಲ್ಲಿ ಅತ್ತೆ, ನಾನು, ಮತ್ತು ಅತ್ತೆಯ ಮಡಿ. ಆ ಮನೆಯಲ್ಲಿ ನನ್ನದು ಎನ್ನುವಂಥದ್ದು ಆ ಒಂದು ಫೈಕಸ್. ಎಂಟು ಅಂಗುಲದ ಆಲದಮರ ಎಂದುಕೊಳ್ಳಿ. ಫೆಬ್ರವರಿಯ ಫ್ಲವರ್ ಶೋಗೆ ಅದನ್ನು ಇಡಬೇಕು, ಕುಂಡದ ಮುಂದಿನ ಕಾರ್ಡಿನ ಮೇಲೆ ನನ್ನ ಹೆಸರು ಬರಬೇಕು. ಎಂ.ಎ. ಇಂಗ್ಲಿಷ್ ಓದಿ ಹುರುಳಿಕಾಯಿ ಬಿಡಿಸುತ್ತಿದ್ದವಳಿಗೆ ಆ ಕಾರ್ಡು ಸಣ್ಣ ವಿಷಯವಾಗಿರಲಿಲ್ಲ.

ಶೋಗೆ ಎರಡು ತಿಂಗಳಿದೆ ಎನ್ನುವಾಗ ಚಿಕನ್‌ಪಾಕ್ಸ್ ಆಯಿತು. ಅತ್ತೆಯ ಬಾಯಲ್ಲಿ ಹೇಳುವುದಾದರೆ, ಅಮ್ಮ ಬಂದಳು. ಹಿಂದಿನ ಕೋಣೆಯಲ್ಲಿ ಬೇವಿನ ಸೊಪ್ಪಿನ ಮೇಲೆ ಮೂರು ವಾರ. ಅತ್ತೆ ಎಳನೀರು ಕೊಟ್ಟರು, ಗಂಜಿ ಕೊಟ್ಟರು, ಕೆರೆದುಕೊಂಡರೆ ಕೈಮೇಲೆ ಏಟೂ ಕೊಟ್ಟರು. ನನ್ನ ತಾಯಿ ಕೂಡ ಅಷ್ಟು ಮಾಡುತ್ತಿರಲಿಲ್ಲ. ತಲೆಗೆ ನೀರು ಹಾಕಿದ ದಿನ ಕೈಹಿಡಿದು ತಾರಸಿಗೆ ಕರೆದುಕೊಂಡು ಹೋದರು.

"ನೋಡೇ ಹುಡುಗಿ, ನಿನ್ನ ಮುಖದ್ದೂ ಹೋಯ್ತು, ಗಿಡದ್ದೂ ಹೋಯ್ತು," ಎಂದರು.

ನನ್ನ ಫೈಕಸ್ ಬೋಳಾಗಿ ನಿಂತಿತ್ತು. ಬಿಳಿ ಇದ್ದ ಎಲೆಗಳನ್ನೆಲ್ಲ ಒಂದೂ ಬಿಡದೆ ಕಿತ್ತಿದ್ದರು. ನೀವು ಅವರನ್ನು ಬೈದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ದೇವರ ಮುಂದಿಡುವ ವೀಳ್ಯದೆಲೆಯಲ್ಲಿ ಒಂದು ಚುಕ್ಕೆ ಇರಕೂಡದು. ತುಳಸಿಯನ್ನೂ ದಳ ದಳ ನೋಡಿಯೇ ಬುಟ್ಟಿಗೆ ಹಾಕುವುದು. ಐವತ್ತು ವರ್ಷ ಮಚ್ಚೆ ಬಿದ್ದ ಎಲೆಯನ್ನು ಹೆಕ್ಕಿ ಬಿಸಾಡಿದ ಬೆರಳುಗಳು ಅವು. ನಾನು ಮಲಗಿದ್ದಾಗ ಅಚ್ಚ ಹಸಿರಿನ ಒಂದು ಕೊಂಬೆ ಬೇರೆ ಹೊರಟಿತ್ತು. ಅದನ್ನು ಮಾತ್ರ ಉಳಿಸಿ, ದಿನಾ ಅಕ್ಕಿ ತೊಳೆದ ನೀರು ಹಾಕಿ ಸಾಕಿದ್ದರು.

"ಅತ್ತೆ, ಅದು ಕಾಯಿಲೆ ಅಲ್ಲ. ಅದರ ಬಣ್ಣವೇ ಹಾಗೆ," ಎಂದೆ.

"ನಿನಗೂ ಮೊದಲ ದಿನ ಹಾಗೇ ಅನ್ನಿಸಿತ್ತು. ಸೆಕೆಗುಳ್ಳೆ ಅಂದೆ."

ನಾನು ಕುಂಡವನ್ನು ಬಿಸಿಲಿಗೆ ಸರಿಸಿದೆ.

ಫೈಕಸ್ ಜಾತಿ ಗಟ್ಟಿ. ಐದು ವಾರದಲ್ಲಿ ಬೋಳು ಕೊಂಬೆಗಳೆಲ್ಲ ಚಿಗುರಿ, ಮೊದಲಿಗಿಂತ ಚಿಕ್ಕ, ಮೊದಲಿಗಿಂತ ಚಂದದ ಬಿಳಿಯಂಚಿನ ಎಲೆಗಳು ಬಂದವು. ನಿಜ ಹೇಳಬೇಕೆಂದರೆ ಅತ್ತೆ ಕಿತ್ತದ್ದರಿಂದಲೇ ಗಿಡ ಅಷ್ಟು ಸೊಗಸಾಯಿತು. ಆದರೆ ನಡುವೆ ಆ ಹಸಿರು ಕೊಂಬೆ, ಮದುವೆಮನೆಯಲ್ಲಿ ಯಜಮಾನಿಕೆ ಮಾಡುವ ದೂರದ ನೆಂಟನ ಹಾಗೆ ನೆಟ್ಟಗೆ ನಿಂತಿತ್ತು. ಅದಿದ್ದರೆ ಬಹುಮಾನದ ಮಾತಿಲ್ಲ. ಅತ್ತೆಗೋ ಅದೇ ಪ್ರಾಣ. ಉಳಿದ ಎಲೆಗಳಲ್ಲಿ ಮತ್ತೆ ಬಿಳಿ ಕಂಡಾಗ ಮುಖ ಸಪ್ಪಗಾಗಿತ್ತು. "ಇದೊಂದಾದರೂ ಉಳೀತಲ್ಲ" ಎಂದು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಶೋ ಹಿಂದಿನ ದಿನ ಮಧ್ಯಾಹ್ನ ಅವರು ತಾರಸಿಯ ನೆರಳಿನಲ್ಲಿ ಕುರ್ಚಿಯ ಮೇಲೆ ತೂಕಡಿಸುತ್ತಿದ್ದರು. ಕತ್ತರಿ ಹಾಕಿದೆ. ಎಚ್ಚರವಾಗಿ ಕೇಳಿದರು, "ಕೊಂಬೆ ಎಲ್ಲೇ?"

"ಅಳಿಲು ಕಚ್ಚಿಬಿಡ್ತು ಅತ್ತೆ."

ಅವರು ಗಿಡವನ್ನು ನೋಡಿದರು. ಸೆರಗಿನಲ್ಲಿದ್ದ ನನ್ನ ಕೈಯನ್ನು ನೋಡಿದರು. "ನಾನು ಕಣ್ಣು ಮುಚ್ಚಿದ್ದೇ ತಪ್ಪು," ಎಂದಷ್ಟೇ ಹೇಳಿ ಕೆಳಗಿಳಿದು ಹೋದರು.

ಎರಡನೇ ಬಹುಮಾನ ಬಂತು. ಕಾರ್ಡಿನ ಮೇಲೆ ಮಿಸೆಸ್ ಎಂದು ಬರೆದು ಮುಂದೆ ಯಜಮಾನರ ಹೆಸರು, ಇನಿಷಿಯಲ್ ಸಮೇತ. ನನ್ನ ಹೆಸರಿನ ಒಂದಕ್ಷರವೂ ಇರಲಿಲ್ಲ.

ಮಾರನೆಯ ದಿನದಿಂದ ಅತ್ತೆ ಊಟವಾದೊಡನೆ ಕೊಡೆ, ಕೋಲು ಹಿಡಿದು ಗಿಡದ ಪಕ್ಕ ಕೂರತೊಡಗಿದರು. ಅಳಿಲು ಓಡಿಸುವುದಕ್ಕಂತೆ. ಮದ್ರಾಸಿನ ಏಪ್ರಿಲ್ ಬಂತು, ಮೇ ಬಂತು. ಬೇಡವೆಂದರೆ, "ನೀನು ಕಷ್ಟಪಟ್ಟು ಬೆಳೆಸಿದ್ದು, ನಿನಗೆ ಬೇಕಲ್ಲ," ಎನ್ನುವರು. ನಾನು ದಿನಾ ಮಜ್ಜಿಗೆ ತೆಗೆದುಕೊಂಡು ಹೋಗುವೆ, ಹೇಳಿಬಿಡೋಣವೆಂದು ಬಾಯಿ ತೆರೆಯುವೆ, ಉಪ್ಪು ಸರಿಯಾಗಿದೆಯಾ ಎಂದು ಕೇಳಿ ಇಳಿದುಬರುವೆ. ಕಾನ್ವೆಂಟಿನಲ್ಲಿ ಸಾರಿ ಎನ್ನುವುದನ್ನು ನಮಗೆ ಬಿಕ್ಕಳಿಕೆಯಂತೆ ಅಭ್ಯಾಸ ಮಾಡಿಸಿದ್ದರು. ಅತ್ತೆಗೆ ಇಂಗ್ಲಿಷ್ ಬಾರದು. ತಪ್ಪಾಯಿತು ಎಂದು ಕನ್ನಡದಲ್ಲಿ ಹೇಳಬೇಕಾದರೆ ನಿಜವಾಗಿಯೂ ತಪ್ಪು ಮಾಡಿದ ಹಾಗೆ ಆಗಿಬಿಡುತ್ತದಲ್ಲ.

ಮಳೆ ಶುರುವಾದ ಮೇಲೆ ಗಿಡದಲ್ಲಿ ಇನ್ನೊಂದು ಹಸಿರು ಚಿಗುರು ಹೊರಟಿತು. ಅತ್ತೆಯೇ ಕರೆದು ತೋರಿಸಿದರು.

"ಇದನ್ನೂ ನಿನ್ನ ಅಳಿಲೇ ಕಚ್ಚಲಿ."

ನನಗೆ ನೆಲ ಬಿರಿಯಬಾರದೇ ಎನ್ನಿಸಿತು. "ನಿಮಗೆ ಗೊತ್ತಿತ್ತಾ?"

"ಹುಟ್ಟಿದಾಗಿನಿಂದ ತರಕಾರಿ ಹೆಚ್ಚಿದೀನಿ. ಹಲ್ಲು ಯಾವುದು, ಕತ್ತರಿ ಯಾವುದು ತಿಳಿಯಲ್ವೇನೇ?"

"ಮತ್ತೆ ಆ ಬಿಸಿಲಲ್ಲಿ ಯಾಕೆ ಕೂತಿದ್ರಿ?"

"ನೀನು ಬಾಯಿ ಬಿಡ್ತೀಯೇನೋ ಅಂತ. ಮಜ್ಜಿಗೆ ತಂದಾಗೆಲ್ಲ ಇವತ್ತು ಹೇಳ್ತಾಳೆ ಅಂದ್ಕೋತಿದ್ದೆ," ಎಂದು ನಕ್ಕರು. ನಾನೂ ನಕ್ಕೆ. ನಕ್ಕಿದ್ದರಿಂದ ಮಾತು ಅಲ್ಲಿಗೇ ಮುಗಿಯಿತು, ನಾನು ಹೇಳಬೇಕಾದದ್ದು ಆಗಲೂ ಉಳಿದುಹೋಯಿತು. ಆಮೇಲೆ ಹನ್ನೊಂದು ವರ್ಷ ಅವರು ಜೊತೆಗಿದ್ದರು. ಹನ್ನೊಂದು ವರ್ಷವೂ ಉಪ್ಪಿನ ವಿಚಾರವನ್ನೇ ಕೇಳಿದೆ.

ಈಗ ಶನಿವಾರ ಶನಿವಾರ ನಾನೇ ಆರು ಜನಕ್ಕೆ ಈ ತಾರಸಿಯಲ್ಲಿ ಬೋನ್ಸಾಯ್ ಹೇಳಿಕೊಡುತ್ತೇನೆ. ಚೆನ್ನಾಗಿ ಹೇಳಿಕೊಡುತ್ತೇನೆ, ಅದರಲ್ಲಿ ಸಂಕೋಚವಿಲ್ಲ. ಅವರಲ್ಲೊಬ್ಬಳಾದ, ಶೋಳಿಂಗನಲ್ಲೂರಿನ ಆಫೀಸೊಂದರಲ್ಲಿ ಕೆಲಸ ಮಾಡುವ ನಿತ್ಯಾ ಮೊನ್ನೆ ಫೋನ್ ಮಾಡಿ, "ಆಂಟಿ, ನಮ್ಮತ್ತೆ ಆ ಗ್ರೀನ್ ಬ್ರಾಂಚ್ ಕಟ್ ಮಾಡೋಕೆ ಬಿಡ್ತಿಲ್ಲ. ಅವ್ರು ಪೂಜೆಗೆ ಅಂತ ಕೋಯಿಲ್‌ಗೆ ಹೋದಾಗ ಮುಗಿಸಿಬಿಡ್ಲಾ?" ಎಂದಳು. ಬಿ ರೂತ್‌ಲೆಸ್ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. "ಗಿಡಾನೂ ಅತ್ತೇನೂ ಕರ್ಕೊಂಡು ಬಾ," ಎಂದೆ.

ಇವತ್ತು ಬಂದರು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ ನಿತ್ಯಾಳ ಅತ್ತೆ ನನ್ನ ಗಿಡಗಳ ಸಾಲನ್ನು ನೋಡಿದರು. "ಪಾವಂ, ಪಾಪ, ಎಲ್ಲದಕ್ಕೂ ಸೀಕು ತಗುಲಿದೆಯಲ್ಲ," ಎಂದರು. ವಿದ್ಯಾರ್ಥಿನಿಯರು ಮುಸಿಮುಸಿ ನಕ್ಕರು. ನಾನು ಕುರ್ಚಿ ಹಾಕಿ, ಎದುರಿಗೆ ಕೂತು, ಇಷ್ಟು ಹೊತ್ತು ನಿಮಗೆ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಕೊನೆಗೆ, "ನಂದೇ ತಪ್ಪಾಯ್ತು," ಎಂದೆ. ಎಷ್ಟು ಸುಲಭವಾಗಿ ಬಂತು ಮಾತು! ನಲವತ್ತು ವರ್ಷ ತಡವಾಗಿ, ಬೇರೆಯವರ ಅತ್ತೆಗೆ.

ಆಕೆಗೆ ಅದನ್ನಿಟ್ಟುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ. ನನ್ನ ಕೈ ತಟ್ಟಿ, "ಪರವಾಯಿಲ್ಲೆ, ಬಿಡಿ," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, ತಾವು ತಂದಿದ್ದ ಗಿಡದ ಹಸಿರು ಕೊಂಬೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

"ನಾನು ಹಿಡ್ಕೋತೀನಿ. ಕೈ ನಡುಗಿಸದೆ ಕತ್ತರಿಸು."