ಮಸ್ಕಿಯ ಬಂಡೆಯ ಮುಂದೆ ಅವ್ವ

ಇವತ್ತು ರಾಯಚೂರಿನ ಕಾಲೇಜಿನಲ್ಲಿ ಮೇಷ್ಟ್ರು ಹಲಗೆಯ ಮೇಲೆ ಬ್ರಾಹ್ಮಿ ಅಕ್ಷರ ಬರೆದರು. ನನ್ನ ಮನಸ್ಸು ನಮ್ಮೂರು ಮಾನ್ವಿಯಿಂದ ಬಸ್ಸು ಹತ್ತಿ, ಅವ್ವನ ತೊಡೆಯ ಮೇಲೆ ಕೂತು, ಅವಳ ತವರು ಮಸ್ಕಿಗೆ ಹೊರಟೇ ಹೋಯಿತು.

ಅಲ್ಲಿ ಅವ್ವ ಅಶೋಕನ ಶಾಸನದ ಬಂಡೆ ತೋರಿಸಿದ್ದಳು.

“ಕುರಿ ಕಾಯೋವಾಗ ಇದರ ನೆರಳಾಗ ಕುಂದ್ರತಿದ್ದೆ. ಏನ್ ಬರದಾರೋ ಗೊತ್ತಿಲ್ಲ. ನೀ ಸಾಲಿಗೆ ಹೋಗ್ತಿಯಲ್ಲ, ಓದು ನೋಡೂನು.”

ಆಗಷ್ಟೇ ಕಾಗುಣಿತ ಕಲಿತಿದ್ದ ನಾನು ಬೆಚ್ಚಗಿನ ಕಲ್ಲಿನ ಮೇಲೆ ಬೆರಳಾಡಿಸಿದೆ. ಒಂದಕ್ಷರವೂ ತಿಳಿಯದೆ ಅಳು ಬಂತು.

“ಅಳಬ್ಯಾಡ. ಇದನ್ನ ಕಲಿಸೋ ಸಾಲಿ ಎಲ್ಲ್ಯಾರ ಇದ್ದೇ ಇರತದ. ದೊಡ್ಡಾಕಿ ಆದಮ್ಯಾಲ ಹೋಗಂತಿ” ಎಂದು ಅವ್ವ ಸೆರಗಿನಿಂದ ಕಣ್ಣೊರೆಸಿದಳು.

ಇವತ್ತು ತರಗತಿಯಲ್ಲಿ ಅದೇ ಬಂಡೆಯ ಮೇಲಿನ ಮಾತನ್ನು “ಅಸೋಕಸ”, ಅಂದರೆ ಅಶೋಕನ, ಎಂದು ತಡವರಿಸದೆ ಓದಿದೆ. ಸಂಜೆ ಫೋನಿನಲ್ಲಿ ಅವ್ವನಿಗೆ, ಇಂಥ ಬಂಡೆಗಳಿರುವ ಊರುಗಳನ್ನೆಲ್ಲ ನೋಡಬೇಕು ಎಂದೆ.

ಅವ್ವ ಕೇಳಿದಳು: “ನನ್ನೂ ಕರಕೊಂಡು ಹೋಗ್ತಿಯೇನ?”